ಕೈಯಿಂದ ಸುಲಿದ ಬೀಜ

ನನ್ನ ನಾಲಿಗೆಯ ಬಗ್ಗೆ ಕೊಟ್ಟೂರಿನಲ್ಲಿ ಎರಡು ಅಭಿಪ್ರಾಯವಿಲ್ಲ. ಮೂವತ್ತೊಂದು ವರ್ಷ ಇಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದೆ. ನನ್ನ ಕೈಲಿ ಬೈಸಿಕೊಳ್ಳದೆ ಪಾಸಾದವರು ಈ ಊರಲ್ಲಿ ಯಾರೂ ಇಲ್ಲ. ಬೈಸಿಕೊಂಡೂ ಫೇಲಾದವರು ಬೇಕಾದಷ್ಟಿದ್ದಾರೆ. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಈಗಲೂ ಯಾರಾದರೂ ನಡುವಯಸ್ಸಿನವನು ನನ್ನನ್ನು ಕಂಡು ಬೀಡಿ ಬಚ್ಚಿಟ್ಟರೆ ಅವನು ನನ್ನ ಶಿಷ್ಯನೆಂದು ತಿಳಿಯುತ್ತೇನೆ. ಗುರುಬಸವರಾಜ ಮಾಸ್ತರು ಎಂದರೆ ಹಾಗೆ ಎಂದು ಜನ ಹೇಳುವುದನ್ನು ನಾನು ಹೆಮ್ಮೆಯಿಂದಲೇ ಕೇಳಿಸಿಕೊಂಡು ಬಂದವನು. ಹೋದ ಬೇಸಿಗೆಯ ತನಕ.

ನಿವೃತ್ತಿಯಾದ ಮೇಲೆ ಬೈಯಲು ಯಾರೂ ಸಿಗದೆ ಒದ್ದಾಡುತ್ತಿದ್ದಾಗ ಜಂಬುನಾಥ ಬಂದ. ಅವನೂ ನನ್ನ ಶಿಷ್ಯನೇ; ಹರಪನಹಳ್ಳಿಯಲ್ಲಿ ಒಂದು ಸಣ್ಣ ವಾರಪತ್ರಿಕೆ ನಡೆಸುತ್ತಾನೆ. ಅದರಲ್ಲಿ ನನಗೊಂದು ಅಂಕಣ ಕೊಟ್ಟ. ವಾರಕ್ಕೊಂದು ಇಂಗ್ಲಿಷ್ ಪದ ತೆಗೆದುಕೊಂಡು ಅದರ ಅರ್ಥ ಏನು, ಅದು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂದು ಬರೆಯಬೇಕು. ಅವನದು ಒಂದೇ ಷರತ್ತು.

“ಲ್ಯಾಟಿನ್ನು ಗ್ರೀಕು ನೀವು ಎಷ್ಟಾರ ಬರೀರಿ ಸರ. ಕೊನಿಗೆ ಮಾತ್ರ ನಮ್ಮ ಕಡೀದು ಒಂದು ಉದಾಹರಣಿ ಇರಬೇಕು ನೋಡ್ರಿ. ಇಲ್ಲಂದ್ರ ಯಾರೂ ಓದಂಗಿಲ್ಲ.”

ಆ ವಾರದ ಪದ ಎಕ್ಸ್‌ಕೋರಿಯೇಟ್. ಯಾರನ್ನಾದರೂ ಮತ್ತೆ ತಲೆ ಎತ್ತದ ಹಾಗೆ ಟೀಕಿಸುವುದಕ್ಕೆ ಇಂಗ್ಲಿಷಿನವರು ಬಳಸುವ ಮಾತು. ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. ಕೋರಿಯಂ ಎಂದರೆ ತೊಗಲು, ಎಕ್ಸ್ ಎಂದರೆ ಹೊರಗೆ; ಎರಡೂ ಸೇರಿದರೆ ಮೈಮೇಲಿನ ತೊಗಲನ್ನು ಸುಲಿದು ತೆಗೆಯುವುದು. ಮೊದಮೊದಲು ಇಂಗ್ಲಿಷಿನಲ್ಲೂ ಅದಕ್ಕೆ ಅಷ್ಟೇ ಅರ್ಥವಿತ್ತು. ತರಚಿದ ಗಾಯಕ್ಕೆ ಡಾಕ್ಟರುಗಳು ಇವತ್ತಿಗೂ ಅದೇ ಮೂಲದ ಪದ ಬರೆಯುತ್ತಾರೆ. ಎಷ್ಟೋ ಕಾಲದ ಮೇಲೆ ಚಾಕುವಿನ ಕೆಲಸ ನಾಲಿಗೆಗೆ ಬಂತು. ನಮ್ಮವರಿಗೆ ಇದನ್ನು ಲ್ಯಾಟಿನ್ ಹೇಳಿಕೊಡಬೇಕಿಲ್ಲ. ತೊಗಲು ಸುಲಿದುಬಿಡುತ್ತೇನೆ ಎಂದು ನನ್ನ ತಂದೆ ನನಗೆ ಹೇಳುತ್ತಿದ್ದರು, ನಾನು ಮೂವತ್ತೊಂದು ವರ್ಷ ತರಗತಿಗೆ ಹೇಳಿದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಬರೆದವನು ಉದಾಹರಣೆಯ ಹತ್ತಿರ ಬಂದು ನಿಂತೆ. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮೇ ತಿಂಗಳ ಕೊನೆ. ನಮ್ಮ ಪಡಸಾಲೆಯ ತುಂಬ ಶೇಂಗಾ ಹರಡಿತ್ತು. ಉಜ್ಜಿನಿ ರಸ್ತೆಯ ನಾಲ್ಕು ಎಕರೆಗೆ ಬೇಕಾದ ಬಿತ್ತನೆ ಬೀಜವನ್ನು ನನ್ನ ಹೆಂಡತಿ ನಾಗಲಿಂಗಮ್ಮ ಪ್ರತಿ ವರ್ಷ ಮನೆಯಲ್ಲೇ ಕೈಯಿಂದ ಸುಲಿಸುತ್ತಾಳೆ. ಹಿಂದಿನ ಸಂಜೆ ಕಾಯಿಗೆ ನೀರು ಚಿಮುಕಿಸಿ ಗೋಣಿ ಮುಚ್ಚಿಡುವುದು, ಬೆಳಗ್ಗೆ ನಾಲ್ಕಾರು ಹೆಣ್ಣುಮಕ್ಕಳು ಕೂತು ಒಂದೊಂದೇ ಕಾಯಿ ಒಡೆಯುವುದು. ಅವರಲ್ಲಿ ಚೌಡಕ್ಕ ಹಿರಿಯಳು, ಕೂಡ್ಲಿಗಿ ಕಡೆಯವಳು, ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿದವಳು. ಮಾರುವ ಶೇಂಗಾವನ್ನು ಮಿಷಿನ್ನಿಗೆ ಹಾಕುತ್ತಾರೆ, ಬಿತ್ತುವುದನ್ನು ಹಾಕುವುದಿಲ್ಲ. ಕಾಳಿನ ಮೈಗೆ ಅಂಟಿಕೊಂಡ ತೆಳ್ಳನೆಯ ಕೆಂಪು ಸಿಪ್ಪೆ ಇದೆಯಲ್ಲ, ಅದು ಹರಿದರೆ ಆ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆ, ಹುಟ್ಟುವುದಿಲ್ಲ.

ನಾಗಲಿಂಗಮ್ಮ ಚಹಾ ತಂದಿಟ್ಟು ವಾರವಾರವೂ ಕೇಳುವ ಹಾಗೆ ಕೇಳಿದಳು, “ಈ ವಾರ ಯಾವ ಪದಾರೀ?”

ಹೇಳಿದೆ. ಲ್ಯಾಟಿನ್ ಸಮೇತ ಹೇಳಿದೆ. “ಎಲ್ಲಾ ಆಗೇತಿ, ಒಂದು ಉದಾಹರಣಿ ಸಿಗವಲ್ದು” ಎಂದೆ.

ಅವಳು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಬಂದವಳು ಒಂದು ಉದ್ದ ನೋಟುಬುಕ್ಕನ್ನು ನನ್ನ ಕಾಗದಗಳ ಮೇಲೆ ಇಟ್ಟಳು.

“ಇದರಾಗ ಐತಿ ನೋಡ್ರಿ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಶೇಂಗಾ ಒಡೆಯಲು ಹೋದಳು.

ರಟ್ಟಿನ ಮೇಲಿನ ಅಕ್ಷರ ನೋಡುತ್ತಲೇ ತಿಳಿಯಿತು. ನಮ್ಮ ಒಬ್ಬಳೇ ಮಗಳು ಅಮೃತಾಳದು. ಹದಿನಾರು ವರ್ಷದ ಹಿಂದೆ, ಅವಳಿಗೆ ಹತ್ತೊಂಬತ್ತಿದ್ದಾಗ, ಕಥೆ ಬರೆದಿದ್ದೇನೆ ಅಪ್ಪಾಜಿ, ಓದಿ ಹೇಳ್ರಿ ಎಂದು ತಂದುಕೊಟ್ಟಿದ್ದಳು. ಐದು ಕಥೆ, ಎಂಬತ್ತು ಪುಟ. ನಾನು ಎರಡೇ ದಿನಕ್ಕೆ ತಿದ್ದಿ ವಾಪಸ್ಸು ಕೊಟ್ಟೆ. ಅಷ್ಟು ಶ್ರದ್ಧೆಯಿಂದ ನಾನು ಯಾರದೂ ಉತ್ತರ ಪತ್ರಿಕೆ ನೋಡಿರಲಿಲ್ಲ. ಅವಳು ಪುಟ ತಿರುವಿ ನೋಡಿದಳು, ಹೂಂ ಎಂದಳು, ಒಳಗೆ ಹೋದಳು. ಮತ್ತೆ ಯಾವತ್ತೂ ಏನೂ ತಂದು ತೋರಿಸಲಿಲ್ಲ. ಮುಂದೆ ಫಾರ್ಮಸಿ ಓದಿದಳು; ಹಡಗಲಿಯ ಪ್ರವೀಣಕುಮಾರನನ್ನು ಮದುವೆಯಾಗಿ ಇಬ್ಬರೂ ಅಲ್ಲೇ ಔಷಧಿ ಅಂಗಡಿ ನಡೆಸುತ್ತಾರೆ. ಹುಡುಗಿಗೆ ಬುದ್ಧಿ ಬಂತು, ಕಥೆಗಿಥೆ ಬಿಟ್ಟು ದಾರಿಗೆ ಬಂದಳು ಎಂದು ನಾನು ಸಮಾಧಾನಪಟ್ಟಿದ್ದೆ.

ನೋಟುಬುಕ್ಕು ಬಿಚ್ಚಿದೆ. ಪುಟಪುಟದಲ್ಲೂ ನನ್ನ ಕೆಂಪು ಶಾಯಿ. ಅವಳ ಅಕ್ಷರಕ್ಕಿಂತ ನನ್ನದೇ ಹೆಚ್ಚು ಕಾಣುತ್ತಿತ್ತು. ‘ಆಕಾಶ ಅತ್ತಿತು ಅಂತೆ. ಮಳೆ ಬಂತು ಅನ್ನಲು ಏನು ಧಾಡಿ?’ ‘ಈ ಮುದುಕ ಮೂರನೇ ಪುಟದಲ್ಲಿ ಕುರುಡ, ಏಳನೇ ಪುಟದಲ್ಲಿ ಪೇಪರ್ ಓದುತ್ತಾನೆ.’ ‘ಈ ದುಃಖ ನಿನ್ನದಲ್ಲ, ಎಲ್ಲೋ ಓದಿದ್ದು.’ ಕೊನೆಯ ಪುಟದ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೆ: ‘ಎಂಬತ್ತು ಪುಟ ಹುಡುಕಿದೆ. ಬರೆಯುವವಳು ಎಲ್ಲೂ ಸಿಗಲಿಲ್ಲ.’

ಪೂರ್ತಿ ಓದಿದೆ. ಬೇರೆ ಯಾರೋ ಬರೆದ ಟೀಕೆಯನ್ನು ಓದುವ ಹಾಗೆ, ತಪ್ಪು ಹುಡುಕುತ್ತಾ ಓದಿದೆ. ಒಂದೂ ಸಿಗಲಿಲ್ಲ. ನಾನು ಗುರುತಿಸಿದ್ದೆಲ್ಲ ಸರಿಯಾಗಿಯೇ ಇತ್ತು. ಆ ವಿಷಯವೇ ನನಗೆ ತಡೆಯಲಾರದಷ್ಟು ಸಂಕಟ ಕೊಟ್ಟಿತು.

ಅದೇ ವರ್ಷದ ಇನ್ನೊಂದು ವಿಷಯವೂ ನೆನಪಾಯಿತು. ಆ ಬೇಸಿಗೆಯಲ್ಲಿ ನಾಗಲಿಂಗಮ್ಮ ತಾಯಿಯ ಆರೈಕೆಗೆಂದು ತವರು ಹಂಪಸಾಗರಕ್ಕೆ ಹೋಗಿದ್ದಳು. ಸುಲಿಯುವವರು ಸರಿಯಾಗಿ ಬರುತ್ತಿರಲಿಲ್ಲ, ಮಳೆ ಹತ್ತಿರವಾಗಿತ್ತು. ಇಷ್ಟಕ್ಕೆಲ್ಲ ಎಂಟು ದಿನ ಕೂರುವುದೇ ಎಂದು ನಾನು ಚೀಲಗಳನ್ನು ಮಿಷಿನ್ನಿಗೆ ಒಯ್ದೆ. ಒಂದೇ ತಾಸಿನ ಕೆಲಸ. ಕಾಳು ಸ್ವಚ್ಛವಾಗಿ ಮಿರಿಮಿರಿ ಮಿಂಚುತ್ತಿದ್ದವು. ಬಿತ್ತಿಸಿದೆ. ಹತ್ತು ದಿನವಾದರೂ ನಾಲ್ಕು ಎಕರೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಬರೀ ಕೆಂಪು ಮಣ್ಣು. ನಾಗಲಿಂಗಮ್ಮ ಬಂದು ನೋಡಿದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ಒಂದು ಮಾತೂ ಆಡದೆ ಯಾರ ಮನೆಯಿಂದಲೋ ಕೈಯಿಂದ ಸುಲಿದ ಬೀಜ ತರಿಸಿ ಎರಡನೇ ಸಲ ಬಿತ್ತಿಸಿದಳು. ಹೊಲಕ್ಕಾದರೆ ಎರಡನೇ ಬಿತ್ತನೆ ಇತ್ತು.

ಮಧ್ಯಾಹ್ನ ಜಂಬುನಾಥ ಫೋನು ಮಾಡಿದ. “ಸರ, ಅಂಕಣ?”

“ಈ ವಾರ ಬ್ಯಾಡಪ್ಪ.”

“ಉದಾಹರಣಿ ಸಿಗಲಿಲ್ಲೇನ್ರಿ?”

“ಸಿಕ್ಕೇತಿ” ಎಂದು ಇಟ್ಟೆ.

ಸಂಜೆಯ ಬಸ್ಸಿಗೆ ಅಮೃತಾ ಬಂದಳು. ಬೀಜ ಸುಲಿಯುವ ವಾರ ಅವಳು ಎರಡು ದಿನ ತಾಯಿಯ ಜೊತೆ ಇರಲು ಬರುವುದು ವಾಡಿಕೆ. ನನಗೆ ನಮಸ್ಕಾರ ಮಾಡಿ, ಬಿ.ಪಿ. ಮಾತ್ರೆ ಕೊಟ್ಟು, ಪಡಸಾಲೆಗೆ ಹೋದಳು. ನಮ್ಮಿಬ್ಬರ ಮಾತು ಎಷ್ಟೋ ವರ್ಷದಿಂದ ಮಾತ್ರೆಯಲ್ಲೇ ಮುಗಿಯುತ್ತದೆ.

ಮರುದಿನ ಬೆಳಗ್ಗೆ ನಾನು ಒಳಕೋಣೆಯಲ್ಲಿದ್ದೆ. ಪಡಸಾಲೆಯಲ್ಲಿ ಅವಳು ಏನೋ ಓದುತ್ತಿದ್ದಳು. ಕಾಯಿ ಒಡೆಯುವ ಚಟಚಟ ಸದ್ದಿನ ನಡುವೆ ಅವಳ ದನಿ. ಕಿಟಕಿಯ ಹತ್ತಿರ ಹೋಗಿ ಕೇಳಿಸಿಕೊಂಡೆ. ಅದೊಂದು ಕಥೆ. ಒಬ್ಬ ಮುದುಕಿ ತಿಂಗಳಿಗೊಮ್ಮೆ ಔಷಧಿ ಅಂಗಡಿಗೆ ಬಂದು ಗಂಡನ ಎದೆನೋವಿನ ಮಾತ್ರೆ ಒಯ್ಯುತ್ತಾಳೆ. ಗಂಡ ತೀರಿಕೊಂಡು ವರ್ಷವಾಗಿದೆ, ಅದು ಅಂಗಡಿಯವಳಿಗೂ ಗೊತ್ತು. ಆದರೂ ಮುದುಕಿ ಮಾತ್ರೆ ಮುಗಿದ ಖಾಲಿ ಹಾಳೆ ತಂದು ತೋರಿಸುತ್ತಾಳೆ, ಇವಳು ಕೊಡುತ್ತಾಳೆ. ಒಂದು ದಿನ ಇವಳು ಕೇಳಿಯೇಬಿಡಬೇಕೆಂದು ನಿರ್ಧರಿಸುತ್ತಾಳೆ.

ಕಾಯಿ ಒಡೆಯುವ ಸದ್ದು ನಿಂತಿತ್ತು. ನನ್ನ ಮಗಳು ಮತ್ತೆ ಬರೆಯುತ್ತಿದ್ದಾಳೆ, ತಾಯಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ. ಇದು ಹೊಳೆದಾಗ ಆದ ಖುಷಿಗೂ ನಾಚಿಕೆಗೂ ಯಾವುದು ಮೊದಲು ಎಂದು ಹೇಳಲಾರೆ. ಮುದುಕಿ ಏನು ಹೇಳಿದಳೋ ಕೇಳಬೇಕೆಂಬ ಆತುರದಲ್ಲಿ ನಾನು ಹೊಸ್ತಿಲಿಗೆ ಬಂದುಬಿಟ್ಟೆ.

ಅಮೃತಾ ನನ್ನನ್ನು ನೋಡಿ ಕೈಬರಹದ ಪುಸ್ತಕ ಮುಚ್ಚಿದಳು.

“ಮುಂದ ಏನಾತು ತಾಯಿ?” ಎಂದಳು ಚೌಡಕ್ಕ, ಕಣ್ಣು ಒರೆಸಿಕೊಳ್ಳುತ್ತಾ.

“ಆಮ್ಯಾಲೆ ಓದ್ತೀನಕ್ಕ.”

ನಾನು ಹೊಸ್ತಿಲಲ್ಲೇ ನಿಂತು ಕೇಳಿದೆ, “ನನಗೊಂದು ಸಲ ಓದಾಕ ಕೊಡ್ತೀಯೇನವ್ವಾ?”

ನಾಗಲಿಂಗಮ್ಮ ತಲೆ ಎತ್ತಲಿಲ್ಲ. ಅಮೃತಾ ಪುಸ್ತಕವನ್ನು ಮಡಿಲಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಮೂವತ್ತೈದು ವರ್ಷದ ಹೆಂಗಸು, ಅಂಗಡಿಯಲ್ಲಿ ದಿನಕ್ಕೆ ನೂರು ಜನರನ್ನು ಸಂಭಾಳಿಸುವವಳು. ನನ್ನ ಕಣ್ಣೆದುರೇ ಪುಸ್ತಕವನ್ನು ತೊಡೆಯ ಕೆಳಗೆ ಬಚ್ಚಿಟ್ಟಳು. ಈ ಊರಿನಲ್ಲಿ ನನಗೆ ಹೆದರಿದವರನ್ನು ಬೇಕಾದಷ್ಟು ನೋಡಿದ್ದೇನೆ, ಅವತ್ತಿನಷ್ಟು ನನಗೆ ನನ್ನ ಮೇಲೆ ಹೇಸಿಗೆ ಯಾವತ್ತೂ ಆಗಿರಲಿಲ್ಲ.

“ಕುಂದರ್ರಿ ಅಪ್ಪಾಜಿ” ಎಂದಳು ಕೊನೆಗೆ. “ಒಂದು ಪಾವು ಬೀಜ ಸುಲೀರಿ. ಅದನ್ನ ಬ್ಯಾರೆ ಸಾಲಿಗೆ ಹಾಕಸೋಣು. ಹುಟ್ಟಿದ್ರ ಕೊಡ್ತೀನಿ.”

ಹೆಂಗಸರು ನಕ್ಕರು. ಅಮೃತಾ ನಗಲಿಲ್ಲ.

ನಾನು ಪಂಚೆ ಎತ್ತಿ ಕಟ್ಟಿ ಚಾಪೆಯ ಮೇಲೆ ಕೂತೆ. ಶೇಂಗಾ ಬೆಳೆಯುವ ಮನೆಯಲ್ಲಿ ಹುಟ್ಟಿ ಅರವತ್ತೆರಡು ವರ್ಷಕ್ಕೆ ಮೊದಲ ಸಲ ಬಿತ್ತನೆಗೆಂದು ಕಾಯಿ ಹಿಡಿದೆ. ಹೆಬ್ಬೆರಳಿನಿಂದ ಒತ್ತಿದರೆ ಹೊರಗಿನ ಸಿಪ್ಪೆಯ ಜೊತೆ ಕಾಳೂ ಎರಡು ಹೋಳಾಯಿತು.

“ಹಂಗ ಹಿಚುಕಬ್ಯಾಡ್ರೀ ಮಾಸ್ತರ್ರ” ಎಂದಳು ಚೌಡಕ್ಕ. “ಅದೇನು ನಿಮ್ಮ ಹುಡುಗರ ಕಿವಿಯೇನು? ಇಲ್ಲಿ ಮೂತಿ ಐತಿ ನೋಡ್ರಿ, ಅಲ್ಲಿ ಅಷ್ಟು ಒತ್ರಿ. ತಾನ ಬಾಯಿ ಬಿಡ್ತತಿ. ಬಿಟ್ಟ ಮ್ಯಾಲೆ ಕಾಳು ಕೀಳಬಾರದು, ಬಗ್ಗಿಸಬೇಕು. ತಾನ ಬೀಳ್ತತಿ.”

ಎದುರಿಗೆ ಎರಡು ಬುಟ್ಟಿ. ಒಂದು ಬೀಜಕ್ಕೆ, ಇನ್ನೊಂದು ಕೆಂಪು ಸಿಪ್ಪೆ ತರಚಿದ, ತಿನ್ನಲಿಕ್ಕಷ್ಟೇ ಬರುವ ಕಾಳಿಗೆ. ಮೊದಲ ತಾಸು ನನ್ನದೆಲ್ಲ ತಿನ್ನುವ ಬುಟ್ಟಿಗೇ ಹೋಯಿತು. ಒತ್ತಿದ್ದು ಸಾಲದಿದ್ದರೆ ಕಾಯಿ ಬಿಡುವುದಿಲ್ಲ, ಹೆಚ್ಚಾದರೆ ಕಾಳು ಉಳಿಯುವುದಿಲ್ಲ. ಸಿಟ್ಟು ನೆತ್ತಿಗೇರಿತು. ಎದ್ದು ಹೋಗಬೇಕೆನಿಸಿತು. ಆದರೆ ಎದುರಿಗೆ ಮಗಳು ಕೂತು ತಾನೂ ಸುಲಿಯುತ್ತಿದ್ದಳು, ಪುಸ್ತಕ ಅವಳ ತೊಡೆಯ ಕೆಳಗಿತ್ತು. ಎದ್ದರೆ ಅದು ಇನ್ನೆಂದೂ ನನ್ನ ಕೈಗೆ ಬರುವುದಿಲ್ಲ ಎಂದು ಗೊತ್ತಿತ್ತು. ಕೂತೆ. ಸಂಜೆಯ ಹೊತ್ತಿಗೆ ನನ್ನ ಹೆಬ್ಬೆರಳಿನ ತೊಗಲೇ ಎದ್ದುಬಂದಿತ್ತು. ನನ್ನ ಅಂಕಣದ ಪದದ ಹಳೆಯ ಅರ್ಥ ಬೆರಳಿಗೆ ತಿಳಿಯಿತು. ಚೌಡಕ್ಕ ಒಂದು ಬಟ್ಟೆಚೂರು ಸುತ್ತಿಕೊಟ್ಟಳು.

ಎರಡನೇ ದಿನ ಪಾವು ತುಂಬಿತು. ನಾಗಲಿಂಗಮ್ಮ ಅದನ್ನು ಮೊರಕ್ಕೆ ಸುರಿದು, ಬೆಳಕಿಗೆ ಹಿಡಿದು ಒಂದೊಂದೇ ನೋಡಿದಳು. ಒಂದು ಹಿಡಿಯಷ್ಟು ಆರಿಸಿ ತೆಗೆದಳು. ಉಳಿದದ್ದನ್ನು ಬೇರೆ ಗಂಟು ಕಟ್ಟಿದಳು. ಅಮೃತಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹಡಗಲಿಯ ಬಸ್ಸು ಹತ್ತಿದಳು. ಕಥೆಯ ಮುದುಕಿ ಏನು ಹೇಳಿದಳೆಂದು ನನ್ನನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು. ನಾನು ಕೇಳಲಿಲ್ಲ.

ಮೃಗಶಿರಾ ಮಳೆ ಚೆನ್ನಾಗಿಯೇ ಬಿತ್ತು. ನಮ್ಮ ಹೊಲ ಮಾಡುವ ದುರುಗಪ್ಪ ಕೂರಿಗೆ ಹೂಡಿ ಬಿತ್ತಿದ. ಬದುವಿನ ಪಕ್ಕ ಒಂದು ಸಾಲನ್ನು ಬಿಟ್ಟು, ನನ್ನ ಗಂಟಿನ ಬೀಜವನ್ನು ಅಲ್ಲಿ ಕೈಯಿಂದ ಹಾಕಿಸಿದೆ. “ಇದು ಮಾಸ್ತರ್ರ ಸಾಲು” ಎಂದು ಅವನು ಎರಡೂ ತುದಿಗೆ ಕಡ್ಡಿ ನೆಟ್ಟ. ಅವತ್ತಿನಿಂದ ದಿನಾ ಬೆಳಗ್ಗೆ ಹೊಲಕ್ಕೆ ಹೋದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರನ್ನು ಮೂವತ್ತೊಂದು ವರ್ಷ ಗೇಲಿ ಮಾಡಿದವನು ನಾನು.

ಎಂಟನೇ ದಿನ ದುರುಗಪ್ಪನ ಸಾಲುಗಳಲ್ಲಿ ಮಣ್ಣು ಬಿರಿಯಿತು. ನನ್ನದರಲ್ಲಿ ಇಲ್ಲ. ಒಂಬತ್ತನೇ ದಿನ ನನ್ನದರಲ್ಲೂ ಒಂದು ಹೆಂಟೆ ಸರಿದು, ಅದರಡಿಯಿಂದ ಬಗ್ಗಿದ ಬಿಳಿ ಮೊಳಕೆಯೊಂದು ಕಂಡಿತು. ನಾನು ಅಲ್ಲೇ ಬದುವಿನ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹದಿಮೂರನೇ ದಿನ ಸಾಲಿನುದ್ದಕ್ಕೂ ನಡೆದು ಎಣಿಸಿದೆ. ನಲವತ್ತೊಂದು ಕಡೆ ಖಾಲಿ. ಒಂದು ಕಡೆ ಮಣ್ಣು ಕೆದಕಿದರೆ ಕಾಳು ಕಪ್ಪಾಗಿ ಕೊಳೆತಿತ್ತು. ನಾಗಲಿಂಗಮ್ಮನ ಕಣ್ಣಿಗೂ ಕಾಣದ ಯಾವುದೋ ತರಚು, ಮೊದಲ ದಿನ ಸಿಟ್ಟಿನಲ್ಲಿ ಒತ್ತಿದ್ದು ಇರಬೇಕು. ಅಮೃತಾ ಹಡಗಲಿಯಲ್ಲಿದ್ದಳು. ಹುಟ್ಟಿವೆ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಫೋನು ಮಾಡಿದೆ.

“ಹುಟ್ಟ್ಯಾವವ್ವಾ. ಆದರ ನಲವತ್ತೊಂದು ಕಡಿ ಹುಟ್ಟಿಲ್ಲ.”

ಆ ಕಡೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ಅವಳು ಅವರಿಗೆ ಕೊಟ್ಟು ಕಳಿಸಿದಳು. “ಭಾನುವಾರ ಬಂದು ನೋಡ್ತೀನಿ” ಎಂದಳು.

ಭಾನುವಾರ ಬಸ್ಸು ಇಳಿದವಳು ಮನೆಗೂ ಹೋಗದೆ ನೇರ ಹೊಲಕ್ಕೆ ಬಂದಳು. ಈ ತುದಿಯ ಕಡ್ಡಿಯಿಂದ ಆ ತುದಿಯ ಕಡ್ಡಿಯವರೆಗೆ ನಿಧಾನವಾಗಿ ನಡೆದಳು. ಖಾಲಿ ಇದ್ದ ಕಡೆಯಲ್ಲೆಲ್ಲ ಒಂದೊಂದು ಗಳಿಗೆ ನಿಂತಳು. ನಾನು ಹಿಂದೆ ಹಿಂದೆ ಹೋದೆ. ಎಳೆ ಎಲೆಗಳು ಬಿಸಿಲಿಗೆ ಅಗಲಿಸಿಕೊಂಡಿದ್ದವು.

ಹದಿನಾರು ವರ್ಷದಿಂದ ಆಡದ ಮಾತನ್ನು ಆಡಿದೆ. “ಅಮೃತಾ, ಅವತ್ತು ನಿನ್ನ ಪುಸ್ತಕದಾಗ ನಾನು ಹಂಗ ಬರೀಬಾರದಿತ್ತು. ನಂದು ತಪ್ಪಾತು.”

ಅವಳು ತಿರುಗಿ ನೋಡಿದಳು.

“ನೀವು ಬರೆದಿದ್ದು ಒಂದೂ ತಪ್ಪಿದ್ದಿಲ್ಲ ಅಪ್ಪಾಜಿ. ನಾನು ಹತ್ತು ಸಲ ಓದೀನಿ, ಹುಡುಕೀನಿ. ಒಂದಾರ ತಪ್ಪಿದ್ರ ನಿಮ್ಮ ಕೂಡ ಜಗಳ ಮಾಡ್ತಿದ್ದೆ. ಜಗಳ ಮಾಡಿ ಮತ್ತ ಬರೀತಿದ್ದೆ. ನೀವು ಅಷ್ಟೂ ಜಾಗ ಬಿಟ್ಟಿದ್ದಿಲ್ಲ.”

ಅವಳು ಬಗ್ಗಿ, ಒಂದು ಖಾಲಿ ಜಾಗದ ಮಣ್ಣನ್ನು ಬೆರಳಿನಿಂದ ಸರಿಸಿ, ಮತ್ತೆ ಮುಚ್ಚಿದಳು. ಎದ್ದು ಕೈ ಒರೆಸಿಕೊಂಡಳು. ಚೀಲದಿಂದ ಔಷಧಿ ಅಂಗಡಿಯ ಕವರಿನಲ್ಲಿ ಸುತ್ತಿದ್ದ ಪುಸ್ತಕ ತೆಗೆದು ನನ್ನ ಕಡೆ ಚಾಚಿದಳು.

ಬದುವಿನ ಮೇಲೆ ಕೂತು ಬಿಚ್ಚಿದೆ. ಅವಳು ಎದುರಿಗೇ ನಿಂತಿದ್ದಳು, ಕೈಗಳನ್ನು ಹಿಂದೆ ಕಟ್ಟಿಕೊಂಡು, ತರಗತಿಯಲ್ಲಿ ನಿಲ್ಲುವ ಹಾಗೆ. ನನ್ನ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿತ್ತು. ಅವಳ ಕಣ್ಣು ಅದರ ಮೇಲೇ ಇತ್ತು.

ಮೊದಲ ಸಾಲಿನಲ್ಲೇ ಒಂದು ತಪ್ಪಿತ್ತು. ನಾನು ಎರಡನೆಯ ಸಾಲಿಗೆ ಹೋದೆ.